ದೋಣಿಯ ಕಿಟಕಿ ಸೋರುವುದೇಕೆ?

ದೋಣಿಯ ತಳದಿಂದ ನೀರು ಒಳನುಗ್ಗದಂತೆ ಮಾಡುವ ವಿದ್ಯೆಯನ್ನು ಮನುಷ್ಯನು ಸಾವಿರಾರು ವರ್ಷಗಳ ಹಿಂದೆಯೇ ಕಲಿತನು. ಆದರೆ ಹಳೆಯ ಮೋಟಾರು ದೋಣಿಗಳನ್ನು ಹಾಳುಮಾಡುವ ನೀರು ಅನೇಕ ವೇಳೆ ತಳದಿಂದ ಬರುವುದಿಲ್ಲ. ಮಳೆಯ ರೂಪದಲ್ಲಿ ಮೇಲಿನಿಂದ, ಕಿಟಕಿಯ ಅಂಚಿನ ಮೂಲಕ ಬರುತ್ತದೆ. ಉತ್ತರ ಅಮೆರಿಕದ ಮಹಾ ಸರೋವರಗಳಲ್ಲಿ 1960 ಮತ್ತು 1970ರ ದಶಕಗಳಲ್ಲಿ ತಯಾರಾದ ಫೈಬರ್‌ಗ್ಲಾಸ್ ದೋಣಿಗಳು ಇಂದಿಗೂ ಓಡಾಡುತ್ತಿವೆ. ಇಂತಹ ಅನೇಕ ದೋಣಿಗಳಲ್ಲಿ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಪ್ಲೈವುಡ್ಡನ್ನೋ ಬಾಲ್ಸಾ ಎಂಬ ಹಗುರವಾದ ಮರವನ್ನೋ ಇಟ್ಟಿರುತ್ತಾರೆ. ಕಿಟಕಿಗಾಗಿ ಕೊರೆದ ಅಂಚಿನಲ್ಲಿ ಈ ಮರಕ್ಕೆ ನೀರು ತಗಲಿದರೆ ಅದು ಒಳಗೊಳಗೇ ಕೊಳೆಯುತ್ತದೆ. ಹೊರಗೆ ಹೊಳೆಯುತ್ತಿರುವ ಗೋಡೆ ಒಳಗೆ ಬಲಹೀನವಾಗುತ್ತದೆ. ಆದುದರಿಂದ ಹನಿ ಸಣ್ಣದೆಂದು ಉಪೇಕ್ಷಿಸುವಂತಿಲ್ಲ.

ಸೋರುವ ಕಿಟಕಿಯನ್ನು ಕಂಡೊಡನೆ ತಿರುಪುಗಳನ್ನು ಇನ್ನಷ್ಟು ಬಿಗಿಗೊಳಿಸಿದರೆ ಸಾಕೆಂದು ತೋರುವುದು ಸಹಜ. ಬಿಗಿತದಿಂದ ಸೋರಿಕೆ ನಿಲ್ಲದು ಎಂಬುದನ್ನು ಭೌತಶಾಸ್ತ್ರದ ಎರಡು ಸರಳ ತತ್ತ್ವಗಳಿಂದ ತಿಳಿಯಬಹುದು.

ಮೊದಲನೆಯದು ಕೇಶಾಕರ್ಷಣ. ಒಂದಕ್ಕೊಂದು ಸಮೀಪವಿರುವ ಎರಡು ಒದ್ದೆ ಮೇಲ್ಮೈಗಳ ನಡುವೆ ನೀರು ತಾನಾಗಿಯೇ ಏರುತ್ತದೆ. ನೀರಿನ ಮೇಲ್ಮೈ ಎಳೆತದ ಎರಡರಷ್ಟನ್ನು ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮತ್ತು ಸೀಳಿನ ಅಗಲ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಏರಿಕೆಯ ಎತ್ತರ ದೊರೆಯುತ್ತದೆ. ಸೀಳಿನ ಅಗಲ 0.1 ಮಿಲಿಮೀಟರು ಇದ್ದರೆ ನೀರು ಸುಮಾರು 15 ಸೆಂಟಿಮೀಟರು ಏರಬಲ್ಲದು. ಸೀಳು ಕಿರಿದಾದಷ್ಟೂ ಈ ಆಕರ್ಷಣೆ ಹೆಚ್ಚು. ಹೀಗಾಗಿ ಹನಿ ಬಿದ್ದ ಸ್ಥಳದ ನೇರ ಮೇಲೆಯೇ ರಂಧ್ರವಿರಬೇಕೆಂಬ ನಿಯಮವಿಲ್ಲ; ನೀರು ಚೌಕಟ್ಟಿನ ಹಿಂದೆ ಅಡ್ಡಲಾಗಿ ಸಾಗಿ ಬೇರೆಡೆ ತೊಟ್ಟಿಕ್ಕಬಹುದು.

ಎರಡನೆಯದು ಉಷ್ಣದಿಂದಾಗುವ ವಿಕಾಸ. ಈ ದೋಣಿಗಳ ಕಿಟಕಿಗಳಲ್ಲಿ ಅಕ್ರಿಲಿಕ್ ಹಾಳೆಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಕೂಡಿಸಿರುವುದುಂಟು. ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬದಲಾದರೆ ಅಕ್ರಿಲಿಕ್ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 70 ಭಾಗ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ; ಅಲ್ಯೂಮಿನಿಯಂ ಕೇವಲ 23 ಭಾಗ. ಒಂದು ಮೀಟರು ಉದ್ದದ ಕಿಟಕಿಯನ್ನು 20 ಡಿಗ್ರಿ ಉಷ್ಣತೆಯ ದಿನ ಕೂಡಿಸಿದರೆಂದು ಭಾವಿಸೋಣ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೆ ವ್ಯತ್ಯಾಸ 40 ಡಿಗ್ರಿ. ಆಗ ಅಕ್ರಿಲಿಕ್ 2.8 ಮಿಲಿಮೀಟರು ಕುಗ್ಗುತ್ತದೆ, ಅಲ್ಯೂಮಿನಿಯಂ 0.92 ಮಿಲಿಮೀಟರು. ಉಳಿದ 1.88 ಮಿಲಿಮೀಟರು ಎರಡು ತುದಿಗಳಿಗೂ ಹಂಚಿಹೋಗಿ, ಒಂದೊಂದು ತುದಿಯಲ್ಲಿ ಹಾಳೆ ಚೌಕಟ್ಟಿನ ಮೇಲೆ ಸುಮಾರು 0.9 ಮಿಲಿಮೀಟರು ಜಾರುತ್ತದೆ.

ಇವೆರಡರ ನಡುವಣ ಸೀಲೆಂಟ್ ಎಂಬ ರಬ್ಬರಿನಂತಹ ಲೇಪದ ಗತಿಯೇನು? ತಿರುಪನ್ನು ಬಲವಾಗಿ ಬಿಗಿದು ಲೇಪವನ್ನೆಲ್ಲ ಹಿಂಡಿ 0.1 ಮಿಲಿಮೀಟರು ಮಾತ್ರ ಉಳಿಸಿದರೆ, ಅದು ತನ್ನ ದಪ್ಪದ ಒಂಬತ್ತರಷ್ಟು ಓರೆಯಾಗಿ ಎಳೆಯಲ್ಪಟ್ಟು ಹರಿಯುವುದು ಖಂಡಿತ. ಲೇಪ 3 ಮಿಲಿಮೀಟರು ದಪ್ಪವಿದ್ದರೆ ಪೈಥಾಗೊರಸನ ಪ್ರಮೇಯದಂತೆ ಓರೆಯ ಉದ್ದ ಸುಮಾರು 3.13 ಮಿಲಿಮೀಟರು, ಅಂದರೆ ಹಿಗ್ಗಿದ್ದು ನೂರಕ್ಕೆ 5 ಭಾಗಕ್ಕೂ ಕಡಿಮೆ. ರಬ್ಬರಿನಂತಹ ವಸ್ತುವಿಗೆ ಇದು ಲೆಕ್ಕಕ್ಕೇ ಬಾರದು. ಕಿಟಕಿಯನ್ನು ಕಾಯುವುದು ಬಿಗಿತವಲ್ಲ, ಲೇಪದ ದಪ್ಪ ಮತ್ತು ಸ್ಥಿತಿಸ್ಥಾಪಕತ್ವ. ಒಮ್ಮೆ ಹರಿದ ಸೀಳಿನಲ್ಲಿ ನಿಂತ ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ 9 ಭಾಗ ಹಿಗ್ಗಿ ಸೀಳನ್ನು ಇನ್ನೂ ಅಗಲಗೊಳಿಸುತ್ತದೆ.

ಈ ತತ್ತ್ವವನ್ನು ಮನಸ್ಸಿನಲ್ಲಿಟ್ಟು ಕೆಲಸದ ಕ್ರಮವನ್ನು ನೋಡೋಣ. ಮೊದಲು ಸೋರುವ ಸ್ಥಳವನ್ನು ಗುರುತಿಸಬೇಕು. ಒಬ್ಬರು ಹೊರಗಿನಿಂದ ಕೊಳವೆಯ ನೀರನ್ನು ಕಿಟಕಿಯ ಕೆಳ ಅಂಚಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಹಾಯಿಸಬೇಕು. ಇನ್ನೊಬ್ಬರು ಒಳಗಿನಿಂದ ಗಮನಿಸಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲೆಡೆ ಹರಿದು ಏನೂ ತಿಳಿಯದು. ಚಳಿಯಲ್ಲಿ ಒಳಗಿನ ತೇವವೇ ತಣ್ಣನೆಯ ಚೌಕಟ್ಟಿನ ಮೇಲೆ ಹನಿಗಟ್ಟುವುದುಂಟು. ಅದನ್ನು ಸೋರಿಕೆಯೆಂದು ಭ್ರಮಿಸಬಾರದು.

ಬಳಿಕ ಒಳಗಿನ ತಿರುಪುಗಳನ್ನು ಕಳಚಿ, ತೆಳುವಾದ ಅಲಗಿನಿಂದ ಹಳೆಯ ಲೇಪವನ್ನು ಸುತ್ತಲೂ ಕೊಯ್ದು, ಮರದ ಬೆಣೆಗಳಿಂದ ಚೌಕಟ್ಟನ್ನು ಸ್ವಲ್ಪಸ್ವಲ್ಪವಾಗಿ ಎಬ್ಬಿಸಬೇಕು. ಒಂದೇ ಕಡೆ ಮೀಟಿದರೆ ಅಲ್ಯೂಮಿನಿಯಂ ಬಾಗುತ್ತದೆ, ಅಕ್ರಿಲಿಕ್ ಬಿರಿಯುತ್ತದೆ. ಕಿಟಕಿ ಹೊರಬಂದಾಗ ಗೋಡೆಯ ನಡುವಣ ಮರವನ್ನು ಪರೀಕ್ಷಿಸುವುದು ಮುಖ್ಯ. ಕೊಳೆತ ಭಾಗವನ್ನು ತೆಗೆದು, ಉಳಿದುದನ್ನು ಪೂರ್ತಿ ಒಣಗಿಸಿ, ಅಂಚನ್ನು ಎಪಾಕ್ಸಿಯಿಂದ ಮುಚ್ಚಬೇಕು. ಹಸಿ ಮರವನ್ನು ಮುಚ್ಚಿದರೆ ರೋಗವನ್ನು ಒಳಗಿಟ್ಟು ಗಾಯ ಹೊಲಿದಂತೆ.

ಹಳೆಯ ಲೇಪದ ಲವಲೇಶವೂ ಉಳಿಯಬಾರದು. ವಿಶೇಷವಾಗಿ ಸಿಲಿಕೋನಿನ ಶೇಷದ ಮೇಲೆ ಹೊಸ ಲೇಪ ಹಿಡಿಯುವುದಿಲ್ಲ. ಆದರೆ ಅಕ್ರಿಲಿಕ್ಕನ್ನು ಅಸಿಟೋನಿನಿಂದ ಒರೆಸಬಾರದು, ಅದರಿಂದ ಹಾಳೆಯಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ. ಸಾಬೂನು ನೀರು ಲೇಸು. ಪಾಲಿಸಲ್ಫೈಡ್ ಲೇಪವೂ ಅಕ್ರಿಲಿಕ್ಕಿಗೆ ಹಾನಿಕರ. ಹಾಳೆಗೆ ಸಿಲಿಕೋನ್ ಹೊಂದುತ್ತದೆ. ಚೌಕಟ್ಟು ಮತ್ತು ಗೋಡೆಯ ಸಂಧಿಯ ಮಾತು ಬೇರೆ. ಫೈಬರ್‌ಗ್ಲಾಸಿನ ವಿಕಾಸ ಅಲ್ಯೂಮಿನಿಯಮಿನದಕ್ಕೆ ಸಮೀಪವಾದ್ದರಿಂದ ಅಲ್ಲಿ ಜಾರಾಟ ಕಡಿಮೆ. ಎಂದೂ ಗಟ್ಟಿಯಾಗದ ಬ್ಯೂಟೈಲ್ ಪಟ್ಟಿ ಅಲ್ಲಿಗೆ ತಕ್ಕುದು.

ಹಾಳೆಯನ್ನು ಕೂಡಿಸುವಾಗ 3 ಮಿಲಿಮೀಟರು ದಪ್ಪದ ಚಿಕ್ಕ ರಬ್ಬರು ತುಣುಕುಗಳನ್ನು ಅಲ್ಲಲ್ಲಿ ಇಟ್ಟರೆ ಲೇಪ ಹಿಂಡಿಹೋಗುವುದಿಲ್ಲ. ಹಾಳೆಯ ಅಂಚಿಗೂ ಚೌಕಟ್ಟಿಗೂ ನಡುವೆ ಹಿಗ್ಗಲು ಎಡೆ ಬಿಡಬೇಕು. ಲೇಪ ಪೂರ್ತಿ ಗಟ್ಟಿಯಾದ ಮೇಲೆ ಹೊರಚಾಚಿದ್ದನ್ನು ಕೊಯ್ದು, ಮತ್ತೆ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಪರೀಕ್ಷಿಸಬೇಕು. ಜಾರುಕಿಟಕಿಯಾದರೆ ಚೌಕಟ್ಟಿನ ಕೆಳಗಿರುವ ಸಣ್ಣ ರಂಧ್ರಗಳನ್ನು ಮುಚ್ಚಬಾರದು. ಅವು ದೋಷಗಳಲ್ಲ, ನೀರು ಹೊರಹೋಗಲೆಂದೇ ಇಟ್ಟ ದಾರಿಗಳು.

ವಿದ್ಯಾರ್ಥಿಗಳು ಇದೇ ಲೆಕ್ಕವನ್ನು ಗಾಜಿನ ಕಿಟಕಿಗೆ ಮಾಡಿ ನೋಡಬಹುದು. ಗಾಜು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 9 ಭಾಗ ಮಾತ್ರ ಹಿಗ್ಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅಕ್ರಿಲಿಕ್ಕಿನ ಬದಲು ಗಾಜಿದ್ದರೆ ಒಂದೊಂದು ತುದಿಯ ಜಾರಾಟವೆಷ್ಟು? ಈ ಸಲ ಹೆಚ್ಚು ಕುಗ್ಗುವುದು ಯಾವುದು, ಹಾಳೆಯೋ ಚೌಕಟ್ಟೋ? (ಉತ್ತರ: ಸುಮಾರು 0.28 ಮಿಲಿಮೀಟರು, ಚೌಕಟ್ಟು.)