ಖಾಲಿ ಬಿಟ್ಟ ಸ್ಲಾಟಿನ ಲೆಕ್ಕ

ಐವತ್ತು ಸಾವಿರಕ್ಕೆ ಲ್ಯಾಪ್‌ಟಾಪೂ ಬರುತ್ತದೆ, ಡೆಸ್ಕ್‌ಟಾಪೂ ಬರುತ್ತದೆ. ವ್ಯತ್ಯಾಸವಿರುವುದು ದುಡ್ಡು ಕೊಡುವ ಬಗೆಯಲ್ಲಿ. ಲ್ಯಾಪ್‌ಟಾಪ್‌ಗೆ ಅಷ್ಟೂ ಹಣ ಒಂದೇ ದಿನ ಎಣಿಸಬೇಕು, ಇಲ್ಲವೇ ‘ನೋ ಕಾಸ್ಟ್ ಇಎಂಐ’ಗೆ ಸಹಿ ಹಾಕಬೇಕು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಈಗ ನಡೆಯುವುದೇನೆಂದರೆ, ಬಡ್ಡಿಯಷ್ಟು ಮೊತ್ತವನ್ನು ಮೊದಲು ರಿಯಾಯಿತಿ ಎಂದು ಕಳೆಯುತ್ತಾರೆ, ಆಮೇಲೆ ಬಡ್ಡಿ ಎಂದು ಕೂಡಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಮ್ಮ ಪಾಲಿಗೆ. ಬಿಡಿಭಾಗ ತಂದು ಜೋಡಿಸುವ ಡೆಸ್ಕ್‌ಟಾಪ್‌ಗಾದರೆ ಯಾರ ಸಾಲವೂ ಇಲ್ಲದೆ ಕಂತು ಮಾಡಿಕೊಳ್ಳಬಹುದು: ಈ ವರ್ಷ ಇಷ್ಟು ಭಾಗ, ಮುಂದಿನ ವರ್ಷ ಇಷ್ಟು. 2024ರಲ್ಲಿ ಮನೆಗೆ ಮೊದಲ ಮೆಷಿನ್ ಕಟ್ಟಿಸಹೊರಟಾಗ ನಾನು ಹಿಡಿದ ಲೆಕ್ಕವೂ ಅದೇ. ಆಮೇಲೆ ಬದಲಿಸಲು ತೊಂದರೆಯಾಗುವುದಕ್ಕೆ ಈಗಲೇ ದುಡ್ಡು ಹಾಕುವುದು, ಯಾವಾಗ ಬೇಕಾದರೂ ಸೇರಿಸಬಹುದಾದುದಕ್ಕೆ ಬರೀ ಜಾಗ ಬಿಡುವುದು.

ಬಳಸುವವರು ಇಬ್ಬರು. ನನಗೆ ಅನುವಾದ, ಕರಡು ತಿದ್ದುವ ಕೆಲಸ. ಎಂಜಿನಿಯರಿಂಗ್ ಸೇರಿದ್ದ ಮಗನಿಗೆ ಕೋಡಿಂಗು, ಜೊತೆಗೆ ‘ಸ್ವಲ್ಪ’ ಗೇಮು. ಅವನ ಪಟ್ಟಿಯ ನೆತ್ತಿಯ ಮೇಲೆ ಗ್ರಾಫಿಕ್ಸ್ ಕಾರ್ಡ್ ಕೂತಿತ್ತು. ಅದೊಂದೇ ಇಪ್ಪತ್ತು ಸಾವಿರ ನುಂಗುವ ಸಾಮಾನು. “ಕಾರ್ಡ್ ಇಲ್ದಿದ್ರೆ ಡೆಸ್ಕ್‌ಟಾಪ್ ಯಾಕಮ್ಮ?” ಎಂದ. ಕಾರ್ಡಿಗೆ ಜಾಗವಿರುತ್ತದೆ, ಅದಕ್ಕೆ ಬೇಕಾದ ಕರೆಂಟೂ ಇರುತ್ತದೆ, ಕಾರ್ಡು ನಿನ್ನ ಮೊದಲ ಸ್ಟೈಪೆಂಡಿನಲ್ಲಿ ಎಂದೆ. ಮುಖ ಊದಿಸಿಕೊಂಡರೂ ಒಪ್ಪಿದ.

ಹಾಗಾಗಿ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಬೇಕಾಯಿತು. ನಾವು ಆರಿಸಿದ್ದು ಎಎಂಡಿಯ ರೈಜನ್ 5 5600ಜಿ. ಆರು ಕೋರು, ಪೆಟ್ಟಿಗೆಯಲ್ಲೇ ಕೂಲರು. ಆಗ ಹನ್ನೊಂದೂವರೆ ಸಾವಿರದ ಆಸುಪಾಸು. ಇಂಟೆಲ್‌ನಲ್ಲಿ ಹುಡುಕುವವರು ಹೆಸರಿನ ಕೊನೆಯ ಅಕ್ಷರ ನೋಡಬೇಕು. 12400 ಮತ್ತು 12400ಎಫ್ ಹೆಚ್ಚುಕಡಿಮೆ ಒಂದೇ. ಆದರೆ ‘ಎಫ್’ ಇದ್ದುದಕ್ಕೆ ಒಳಗಿನ ಗ್ರಾಫಿಕ್ಸ್ ಇಲ್ಲ. ಒಂದಿಷ್ಟು ಉಳಿಯಿತೆಂದು ಅದನ್ನು ತಂದರೆ ಕಾರ್ಡ್ ಕೊಳ್ಳುವವರೆಗೂ ಪರದೆ ಕಪ್ಪು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೆಂಗಸೊಬ್ಬಳು ಪಟ್ಟಿ ಹಿಡಿದು ನಿಂತರೆ ಸಿಗುವ ಸಲಹೆ ಬೇರೆಯೇ. “ಟೈಪಿಂಗ್ ತಾನೇ ಮೇಡಂ? ಐ7 ಕೊಡ್ತೀನಿ, ಹದಿನೈದು ಸಾವಿರಕ್ಕೆ ಫುಲ್ ಸೆಟ್” ಎಂದರು ಒಬ್ಬರು. ಯಾವ ಜನರೇಷನ್ ಎಂದು ಕೇಳಿದೆ. ಮೂರನೆಯದಂತೆ, ಅಂದರೆ 2012ರ ಮಾಲು. ನಾಲ್ಕು ಕೋರಿನ ಆ ಐ7ಗಿಂತ 2022ರ ಐ3 12100 ಎಷ್ಟೋ ಚುರುಕು. ಮೇಲಾಗಿ ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೆಯ ಜನರೇಷನ್ನಿಗಿಂತ ಕೆಳಗೆ ಇಳಿಯುವುದಿಲ್ಲ. ಐ3, ಐ5, ಐ7 ಎಂಬ ಅಂಕಿಗೆ ಜನರೇಷನ್ ಸೇರಿಸದೆ ದರ ಹೇಳುವ ಅಂಗಡಿಯಲ್ಲಿ ನಾನು ಮಾತು ಬೆಳೆಸಲಿಲ್ಲ.

ಇನ್ನು ಎಲ್ಲ ಭಾಗಕ್ಕೂ ಕರೆಂಟು ಹಂಚುವ ಎಸ್‌ಎಂಪಿಎಸ್. ಕಡಿಮೆ ಬಜೆಟ್ಟಿನವರು ಮೊದಲು ಕತ್ತರಿ ಹಾಕುವುದು ಇದಕ್ಕೇ, ಕ್ಯಾಬಿನೆಟ್ ಜೊತೆ ‘ಫ್ರೀ’ ಬರುತ್ತದಲ್ಲ ಎಂದು. ನಾನು ನೋಡಿದ ಅಂಥದ್ದೊಂದರ ಮೇಲೆ 450 ಎಂದು ದಪ್ಪಕ್ಷರದಲ್ಲಿತ್ತು. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನೆದುರು 18 ಆಂಪಿಯರ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಬಹುಪಾಲು ಈ 12 ವೋಲ್ಟ್ ಸಾಲಿನಿಂದ. 12ನ್ನು 18ರಿಂದ ಗುಣಿಸಿದರೆ 216 ವಾಟ್. ಉಳಿದದ್ದೆಲ್ಲ ಸ್ಟಿಕ್ಕರಿನ ಮೇಲಿನ ವಾಟ್. ನಾವು ತಂದ 550 ವಾಟಿನದರಲ್ಲಿ ಆ ಸಾಲಿನಲ್ಲೇ 45 ಆಂಪಿಯರ್, ಅಂದರೆ 540 ವಾಟ್. ನಾಲ್ಕೂವರೆ ಸಾವಿರ ಆಯಿತು, ಐದು ವರ್ಷದ ವಾರಂಟಿ. ಸದ್ಯದ ಮೆಷಿನ್‌ಗೆ ಅಷ್ಟು ಬೇಡ, ಮಗನ ಕಾರ್ಡಿಗೆ ಬೇಕು. ಈಗ ಮುನ್ನೂರು ವಾಟಿನದು ತಂದು ನಾಳೆ ಬದಲಿಸಿದರೆ ಎರಡು ಸಲ ಖರ್ಚು, ಎಲ್ಲ ವೈರೂ ಬಿಚ್ಚಿ ಮತ್ತೆ ಹಾಕುವ ಕೂಲಿ ಬೇರೆ.

ಹಾಗೆಂದು ಇದರಲ್ಲೂ ಅತಿಯಾಗಬಾರದು. ದಕ್ಷತೆಯ ದರ್ಜೆಯಲ್ಲಿ 80 ಪ್ಲಸ್ ಬ್ರಾಂಜ್ ಬೇಡ, ಗೋಲ್ಡ್ ತಗೊಳ್ಳಿ, ಕರೆಂಟ್ ಬಿಲ್ ಉಳಿಯುತ್ತದೆ ಎಂದರು. ಕೂತು ಲೆಕ್ಕ ಹಾಕಿದೆ. ಮೆಷಿನ್ ಸರಾಸರಿ ನೂರು ವಾಟ್ ಎಳೆಯುತ್ತದೆ ಎಂದುಕೊಂಡರೆ ಎರಡರ ನಡುವಿನ ವ್ಯತ್ಯಾಸ ಆರೇಳು ವಾಟ್. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ ಮುನ್ನೂರು ದಿನ ಓಡಿದರೆ ಸುಮಾರು 16 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಉಳಿಕೆ ನೂರು ರೂಪಾಯಿ ಮುಟ್ಟಲಿಲ್ಲ. ಹೆಚ್ಚಿಗೆ ಕೇಳಿದ್ದು ಎರಡು ಸಾವಿರ. ಅದು ಹಿಂತಿರುಗಿ ಬರುವಷ್ಟರಲ್ಲಿ ಮಗನ ಮಕ್ಕಳು ಎಂಜಿನಿಯರಿಂಗ್ ಸೇರಿರುತ್ತಾರೆ.

ಮದರ್‌ಬೋರ್ಡಿನಲ್ಲಿ ಮಾತ್ರ ಮೂರೂವರೆ ಸಾವಿರ ಹೆಚ್ಚು ಕೊಟ್ಟೆ. ಎರಡು ರ‍್ಯಾಮ್ ಸ್ಲಾಟಿನ ಎ520 ಬದಲು ನಾಲ್ಕು ಸ್ಲಾಟಿನ ಬಿ550. 5600ಜಿ ಕೂರುವ ಎಎಂ4 ಸಾಕೆಟ್ಟಿನ ಕಾಲ ಮುಗಿಯಿತು, ಎಎಂ5 ತಗೊಳ್ಳಿ ಎಂಬ ಮಾತು ಆಗಲೇ ಇತ್ತು. ಮಾತು ಸುಳ್ಳಲ್ಲ. ಆದರೆ ಎಎಂ5 ಎಂದರೆ ದುಬಾರಿ ಬೋರ್ಡು, ಡಿಡಿಆರ್5 ರ‍್ಯಾಮು. ನನ್ನ ಐವತ್ತು ಸಾವಿರ ಮಾನಿಟರ್ ಮುಟ್ಟುವ ಮೊದಲೇ ಕರಗುತ್ತಿತ್ತು. ಹಳೆ ಸಾಕೆಟ್ಟಿಗೂ ಎಎಂಡಿ 2024ರಲ್ಲಿ ಹೊಸ ಪ್ರೊಸೆಸರ್ ಬಿಟ್ಟಿದ್ದರಿಂದ ಮುಂದೊಮ್ಮೆ ಮೇಲೇರುವ ದಾರಿ ಇದ್ದೇ ಇತ್ತು.

ರ‍್ಯಾಮ್ 16 ಜಿಬಿ, ಎಂಟರ ಎರಡು ಕಡ್ಡಿ. ಒಂದೇ ಕಡ್ಡಿ ಹಾಕಬಹುದಿತ್ತಲ್ಲ ಎಂದರೆ, ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಂಡು ಬಳಸುತ್ತದೆ; ಎರಡು ಕಡ್ಡಿಯಿದ್ದರೆ ಎರಡು ದಾರಿಯಲ್ಲಿ ಡೇಟಾ ಹರಿದು ಗೇಮಿನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಸ್‌ಎಸ್‌ಡಿ 500 ಜಿಬಿ, ಜೆನ್3. ಜೆನ್4 ಕೊಳ್ಳಲು ಒತ್ತಾಯವಿತ್ತು, ಆದರೆ 5600ಜಿ ಜೆನ್3ರ ವೇಗಕ್ಕಿಂತ ಮೇಲೆ ಹೋಗುವುದೇ ಇಲ್ಲ.

ಮಾನಿಟರ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ನನಗೆ ಅದೇ ಮುಖ್ಯ. ಒತ್ತಕ್ಷರದ ಕೊಂಬು, ದೀರ್ಘ ನೋಡಿ ನೋಡಿ ಕಣ್ಣು ಸೋಲುವ ವೃತ್ತಿ ನನ್ನದು. 24 ಇಂಚಿನ ಐಪಿಎಸ್ ಪರದೆ, ಎಂಟೂವರೆ ಸಾವಿರ. ಮುಂದೆ ಮೆಷಿನ್ ಬದಲಾದರೂ ಇದು ಉಳಿಯುತ್ತದೆ. ವಿಂಡೋಸ್ ಲೈಸೆನ್ಸಿಗೆ ಹತ್ತು ಸಾವಿರದ ಆಸುಪಾಸು ಬೇಕಿತ್ತು. ಉಬುಂಟು ಹಾಕಿಸಿದೆ, ಲಿಬ್ರೆಆಫೀಸಿನಲ್ಲಿ ಯುನಿಕೋಡ್ ಕನ್ನಡಕ್ಕೆ ಯಾವ ತೊಡಕೂ ಬರಲಿಲ್ಲ. ಸಣ್ಣ ಯುಪಿಎಸ್ ಕೂಡ ಸೇರಿ ನಲವತ್ತೆಂಟು ಸಾವಿರದೊಳಗೆ ಮುಗಿಯಿತು.

ಬಿಲ್ ಬೇಡವೆಂದರೆ ಇನ್ನೂ ಕಡಿಮೆ ಮಾಡುತ್ತೇವೆ ಎಂದವರಿದ್ದರು. ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ. ಇಲ್ಲಿ ಒಂದೊಂದು ಭಾಗಕ್ಕೂ ಅದರದೇ ವಾರಂಟಿ, ಮೂರು ವರ್ಷ, ಐದು ವರ್ಷ. ಅದಕ್ಕೆ ಆಧಾರ ಆ ಬಿಲ್ಲೇ. ಪೆಟ್ಟಿಗೆಯಿಲ್ಲದ ‘ಟ್ರೇ’ ಪ್ರೊಸೆಸರ್ ಅಗ್ಗ, ಆದರೆ ಅದಕ್ಕೆ ಕಂಪನಿಯ ವಾರಂಟಿ ಸಿಗುವುದಿಲ್ಲ, ಅಂಗಡಿಯವರ ಮಾತಷ್ಟೇ.

ಉಳಿದೆರಡು ಸ್ಲಾಟಿಗೆ 2025ರ ಕೊನೆಗೆ ರ‍್ಯಾಮ್ ತುಂಬುವ ಯೋಚನೆಯಿತ್ತು. ಅಷ್ಟರಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ್ದವು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ‘ಕ್ರೂಶಿಯಲ್’ ಹೆಸರಿನ ಗ್ರಾಹಕ ವ್ಯವಹಾರವನ್ನೇ ಬಿಡುವುದಾಗಿ ಘೋಷಿಸಿತು. ನಾನು ಮೂರು ಸಾವಿರದ ನಾನೂರಕ್ಕೆ ತಂದಿದ್ದ ಜೋಡಿಯ ಬೆಲೆ ಎರಡು ಪಟ್ಟು ದಾಟಿತ್ತು. ಹದಿನಾರರಲ್ಲೇ ಕೆಲಸ ಸಾಗುತ್ತಿದೆ, ಸ್ಲಾಟು ಖಾಲಿ ಇದೆ. ಆದರೆ ಹೊಸದಾಗಿ ಕಟ್ಟಿಸುವವರಿಗೆ ನನ್ನ ಕ್ರಮವನ್ನು ಹಾಗೇ ಹೇಳಲಾರೆ. ಮೊದಲು ರ‍್ಯಾಮಿನ ದರ ವಿಚಾರಿಸಿ, ಅದನ್ನು ನೋಡಿ ಬೋರ್ಡು, ಪ್ರೊಸೆಸರ್ ಆರಿಸಿ. ಹಳೆ ಡೆಸ್ಕ್‌ಟಾಪಿನ ಡಿಡಿಆರ್4 ಕಡ್ಡಿ ಮನೆಯಲ್ಲಿದ್ದರೆ ಅದಕ್ಕೆ ಹೊಂದುವ ಬೋರ್ಡನ್ನೇ ಹುಡುಕಿ. ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ ಕೂರುವುದಿಲ್ಲ. ಆಫೀಸುಗಳಿಂದ ಬಿಚ್ಚಿ ತಂದ ಸೆಕೆಂಡ್‌ಹ್ಯಾಂಡ್ ರ‍್ಯಾಮೂ ಆದೀತು, ಆದರೆ ಅಂಗಡಿಯಲ್ಲೇ ಮೆಷಿನ್‌ಗೆ ಹಾಕಿ ಮೆಮ್‌ಟೆಸ್ಟ್ ಓಡಿಸಲು ಒಪ್ಪಿದರೆ ಮಾತ್ರ. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಊಟ ಮುಗಿಸಿ ಬರುತ್ತೇನೆ ಎಂದು ಹೇಳಿ ಹೋಗಿ.