ಮಡಿಕೇರಿ ಪ್ರವಾಸದಿಂದ ನಾನು ಕಲಿತ ಐದು ಪಾಠಗಳು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನನ್ನ ಹೆಗಲಿಗೇ ಪ್ರತಿವರ್ಷ ಶಾಲಾ ಪ್ರವಾಸದ ಹೊಣೆ ಬೀಳುತ್ತದೆ. ಮಕ್ಕಳನ್ನು ಮಡಿಕೇರಿಗೂ ಟಿಬೆಟನ್ನರು ನೆಲೆಸಿರುವ ಬೈಲುಕುಪ್ಪೆಗೂ ಹಲವು ಸಲ ಕರೆದೊಯ್ದಿದ್ದೇನೆ. ಮೊದಮೊದಲು ನಾನು ಮಾಡಿದ ತಪ್ಪುಗಳು ಮುಂದೆ ಹೊರಡುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

1. ಒಂದೇ ದಿನಕ್ಕೆ ಎಲ್ಲವನ್ನೂ ತುರುಕಬೇಡಿ.

ಮೊದಲ ವರ್ಷ ಬೈಲುಕುಪ್ಪೆ, ದುಬಾರೆ ಆನೆ ಶಿಬಿರ, ಅಬ್ಬಿ ಜಲಪಾತ, ಮಡಿಕೇರಿ ಕೋಟೆ, ರಾಜಾಸೀಟು ಎಲ್ಲವೂ ಒಂದೇ ದಿನದ ಪಟ್ಟಿಯಲ್ಲಿದ್ದವು. ಕೋಟೆ ತಲುಪುವಷ್ಟರಲ್ಲಿ ವಸ್ತುಸಂಗ್ರಹಾಲಯದ ಬಾಗಿಲು ಹಾಕಿತ್ತು. ಗಾರೆಯ ಎರಡು ಆನೆಗಳನ್ನು ನೋಡಿ ಹೊರಟೆವು. ರಾಜಾಸೀಟಿನಲ್ಲಿ ಬರೀ ಮಂಜು, ಅರ್ಧ ಮಕ್ಕಳು ಬಸ್ಸಿನಲ್ಲೇ ನಿದ್ದೆ. ಈಗ ಮಡಿಕೇರಿಗೇ ಒಂದು ಪೂರ್ತಿ ದಿನ ಇಡುತ್ತೇನೆ.

2. ಮಕ್ಕಳಿಗೆ ಹೇಳುವ ಮುನ್ನ ನಾವು ಓದಿರಬೇಕು.

ಕೋಟೆಯಲ್ಲಿ ನಿಂತು "ಇದು ಕೊಡವ ರಾಜರು ಕಟ್ಟಿದ್ದು" ಎಂದುಬಿಟ್ಟೆ. ಪಕ್ಕದಲ್ಲಿದ್ದ ಸ್ಥಳೀಯರೊಬ್ಬರು, "ಸರ್, ಕೊಡಗು ಆಳಿದ ಹಾಲೇರಿ ಅರಸರು ಕೊಡವರಲ್ಲ, ಲಿಂಗಾಯತರು" ಎಂದು ಮೆಲ್ಲಗೆ ತಿದ್ದಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಿಗೆ ಬಂದ ಮೇಲೆ ಕೂತು ಓದಿದೆ. 1681ರಲ್ಲಿ ಆ ವಂಶದ ಮುದ್ದುರಾಜ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡು ಮಣ್ಣಿನ ಕೋಟೆ ಕಟ್ಟಿಸಿದ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. ಒಳಗಿನ ಅರಮನೆಗೆ ಲಿಂಗರಾಜೇಂದ್ರ 1812ರಿಂದ 1814ರೊಳಗೆ ಹೊಸ ರೂಪ ಕೊಟ್ಟ. ವಸ್ತುಸಂಗ್ರಹಾಲಯವಿರುವ ಕಟ್ಟಡ ಬ್ರಿಟಿಷರ ಕಾಲದ ಚರ್ಚು. ಒಂದೇ ಕೋಟೆಯೊಳಗೆ ಇಷ್ಟೊಂದು ಕೈಗಳ ಕೆಲಸವಿದೆ.

3. ಗದ್ದಿಗೆ ಉದ್ಯಾನವನವಲ್ಲ.

ಅರಸರ ಸಮಾಧಿಗಳಿರುವ ಗದ್ದಿಗೆಯ ಹುಲ್ಲಿನ ಮೇಲೆ ಮಕ್ಕಳನ್ನು ಕೂರಿಸಿ ಚಿತ್ರಾನ್ನದ ಪೊಟ್ಟಣ ಬಿಚ್ಚಿಸಿದ್ದೆ. ಹಿರಿಯರೊಬ್ಬರು ಬಂದು, "ಮೇಷ್ಟ್ರೇ, ನಿಮ್ಮ ಹಿರೀಕರ ಸಮಾಧಿ ಹತ್ರ ಹೀಗೆ ಕೂತು ಉಣ್ತೀರಾ?" ಎಂದರು. ಪೊಟ್ಟಣ ಕಟ್ಟಿಸಿ ಕ್ಷಮೆ ಕೇಳಿದೆ. ಈಗ ಒಳಗೆ ಹೋಗುವ ಮುಂಚೆಯೇ ಅಲ್ಲಿ ಯಾರು ಮಲಗಿದ್ದಾರೆಂದು ಹೇಳುತ್ತೇನೆ. ಮಕ್ಕಳು ತಾವಾಗಿಯೇ ದನಿ ತಗ್ಗಿಸುತ್ತಾರೆ. ಗುಮ್ಮಟ, ಮಿನಾರುಗಳನ್ನು ಕಂಡು "ಇದು ಮಸೀದಿಯಾ?" ಎಂದು ಕೇಳಿದರೆ, 1820ರ ಓಂಕಾರೇಶ್ವರ ದೇವಸ್ಥಾನಕ್ಕೆ ಕರೆದೊಯ್ದು ಅದೇ ಬಗೆಯ ಗುಮ್ಮಟವನ್ನು ತೋರಿಸುತ್ತೇನೆ.

4. ಬೈಲುಕುಪ್ಪೆಯಲ್ಲಿ ಕ್ಯಾಮೆರಾ ಆಮೇಲೆ.

ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಮೈಸೂರು ಜಿಲ್ಲೆ, ಬೈಲುಕುಪ್ಪೆ ಇರುವುದು ಅಲ್ಲಿ. ಅನುಮತಿ ಪತ್ರದಲ್ಲಿ ಅದನ್ನು ನಾನು ಕೊಡಗಿಗೆ ಸೇರಿಸಿದ್ದೆ. ಅದಕ್ಕಿಂತ ನೋವಿನ ತಪ್ಪು ಇನ್ನೊಂದು. ಪೆನೋರ್ ರಿಂಪೋಚೆ 1963ರಲ್ಲಿ ಸ್ಥಾಪಿಸಿದ ನಮ್ದ್ರೋಲಿಂಗ್ ವಿಹಾರದಲ್ಲಿ ಒಬ್ಬ ಪುಟ್ಟ ಭಿಕ್ಷುವನ್ನು ಫೋಟೋಗೆಂದು ಕರೆದು ನಮ್ಮ ಮಕ್ಕಳ ನಡುವೆ ನಿಲ್ಲಿಸಿದೆ. ಅವನು ತಲೆ ತಗ್ಗಿಸಿ ನಿಂತಿದ್ದು, ಬಿಟ್ಟೊಡನೆ ಓಡಿಹೋದ. ನನ್ನ ಎಂಟನೇ ತರಗತಿಯ ಹುಡುಗರದೇ ವಯಸ್ಸು. ಅವನು ಇದ್ದದ್ದು ಅವನ ಶಾಲೆಯಲ್ಲಿ, ಅಲ್ಲಿಗೆ ನುಗ್ಗಿದವನು ನಾನು. ಈಗ ಚಪ್ಪಲಿ ಹೊರಗೆ ಬಿಡಿಸಿ, ಬುದ್ಧ, ಪದ್ಮಸಂಭವ, ಅಮಿತಾಯುಸ್ ಅವರ ಚಿನ್ನದ ಲೇಪದ ಮೂರ್ತಿಗಳ ಮುಂದೆ ಹತ್ತು ನಿಮಿಷ ಸುಮ್ಮನೆ ಕೂರಿಸುತ್ತೇನೆ.

5. ವಾಪಸು ದಾರಿಯಲ್ಲಿ ಮಕ್ಕಳ ಮಾತು ಕೇಳಿ.

ಒಂದು ವರ್ಷ ಬಸ್ಸಿನಲ್ಲಿ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು: "ಸರ್, ರಾಜಂಗೂ ಊರು ಹೋಯ್ತು, ಇವರಿಗೂ ಊರು ಹೋಯ್ತು ಅಲ್ವಾ?" ಇಷ್ಟು ವರ್ಷದಲ್ಲಿ ನಾನು ಇವೆರಡನ್ನು ಜೋಡಿಸಿಯೇ ಇರಲಿಲ್ಲ. ಒಂದು ದಿನ ಅರಸರು, ಇನ್ನೊಂದು ದಿನ ಬೌದ್ಧರು ಎಂದು ಬೇರೆ ಬೇರೆಯಾಗಿಯೇ ಹೇಳುತ್ತಿದ್ದೆ. 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರ ಕಾಶಿಗೆ, ಅಲ್ಲಿಂದ ಲಂಡನ್ನಿಗೆ ಹೋಗಿ 1859ರಲ್ಲಿ ಅಲ್ಲೇ ತೀರಿಕೊಂಡ. ಟಿಬೆಟ್ ಬಿಟ್ಟು ಬಂದವರು 1960ರ ದಶಕದಲ್ಲಿ ಬೈಲುಕುಪ್ಪೆಯಲ್ಲಿ ಕಾಡು ಕಡಿದು ಹೊಲ ಮಾಡಿದರು, ವಿಹಾರ ಕಟ್ಟಿದರು. ಮರುದಿನ ತರಗತಿಯಲ್ಲಿ ಭೂಪಟ ಹಾಸಿ ಆ ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟೆ. ಅವಳು ಎರಡು ಗೆರೆ ಎಳೆದಳು: ಒಂದು ಮಡಿಕೇರಿಯಿಂದ ಹೊರಟದ್ದು, ಇನ್ನೊಂದು ಬೈಲುಕುಪ್ಪೆಗೆ ಬಂದು ನಿಂತದ್ದು. ಈಗ ಪ್ರತಿ ಪ್ರವಾಸದ ಮರುದಿನ ನಮ್ಮ ಪಾಠ ಆ ಎರಡು ಗೆರೆಗಳಿಂದಲೇ ಶುರುವಾಗುತ್ತದೆ.