ಅಕ್ಷಹೃದಯ: ಬಾಜಿಯ ಕೆಲವು ಮಾತುಗಳ ಅರ್ಥವಿಚಾರ

ನಳಮಹಾರಾಜನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಕನಕದಾಸರ ‘ನಳಚರಿತ್ರೆ’ಯಿಂದಲೋ ಅಜ್ಜಿಯರ ಬಾಯಿಂದಲೋ ಅದು ನಮ್ಮೆಲ್ಲರ ಕಿವಿಗೂ ಬಿದ್ದಿರುತ್ತದೆ. ಪುಷ್ಕರನೊಡನೆ ಜೂಜಾಡಿ ರಾಜ್ಯಕೋಶಗಳನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನಿಗೆ ಸಾರಥಿಯಾಗಿರುತ್ತಾನೆ. ಮಹಾಭಾರತದ ವನಪರ್ವದಲ್ಲಿ ಬರುವಂತೆ, ಪ್ರಯಾಣದ ನಡುವೆ ಋತುಪರ್ಣನು ಒಂದು ತಾರೆಯ ಮರವನ್ನು ಕಂಡು, ಅದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂಬುದನ್ನು ನೋಡಿದೊಡನೆಯೇ ಹೇಳಿಬಿಡುತ್ತಾನೆ. ನಳನು ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿರುತ್ತದೆ. ಆ ವಿದ್ಯೆಯೇ ‘ಅಕ್ಷಹೃದಯ’, ಎಂದರೆ ದಾಳದ ಮರ್ಮ. ಅದನ್ನು ಕಲಿತ ಕೂಡಲೆ ನಳನ ಮೈಯೊಳಗಿದ್ದ ಕಲಿಪುರುಷನು ಹೊರಬೀಳುತ್ತಾನೆ. ಜೂಜಿನ ಮರ್ಮವು ಮಂತ್ರವಲ್ಲ, ಎಣಿಕೆ ಎಂಬುದನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ಕಾಲೇಜಿಗೆ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಕಡೆಯಿಂದ ಬರುವ ವಿದ್ಯಾರ್ಥಿಗಳು ಬಹುಮಂದಿ. ಕ್ರಿಕೆಟ್ ಋತು ಬಂದಿತೆಂದರೆ ಕ್ಯಾಂಟೀನಿನಲ್ಲಿ ‘ಆಡ್ಸ್’, ‘ಭಾವ್’, ‘ಸೆಷನ್’ ಮೊದಲಾದ ಮಾತುಗಳು ಇಡ್ಲಿಯ ಜೊತೆಗೆ ಚಟ್ನಿಯಂತೆ ಧಾರಾಳವಾಗಿ ಹರಿದಾಡುತ್ತವೆ. ಆಡುವವರಲ್ಲಿ ಆ ಮಾತುಗಳ ಅರ್ಥವನ್ನು ವಿಚಾರಿಸಿದವರು ಎಷ್ಟು ಮಂದಿ ಎಂಬ ಸಂದೇಹ ನನಗೆ ಬಹಳ ದಿನಗಳಿಂದ ಇತ್ತು. ಜೂಜು ಪಾಪವೆಂದು ಉಪದೇಶಿಸುವ ಅರ್ಹತೆ ನನಗಿಲ್ಲ. ಮಾತುಗಳ ಅರ್ಥವನ್ನೂ ಅವುಗಳ ಹಿಂದಿರುವ ಲೆಕ್ಕವನ್ನೂ ಮಿತ್ರರ ಮುಂದಿಡುವುದಷ್ಟೇ ಈ ಕಿರುಲೇಖನದ ಉದ್ದೇಶ.

ನಮ್ಮ ಊರಿನಲ್ಲಿ ಈ ಶಬ್ದಗಳಿಗೆ ತವರುಮನೆ ಕುದುರೆ ಪಂದ್ಯ. ೧೮೦೯ರಲ್ಲಿ ದಂಡುಪ್ರದೇಶವು ಸ್ಥಾಪಿತವಾದ ಮೇಲೆ ಸೈನ್ಯದ ಅಧಿಕಾರಿಗಳೊಡನೆ ಪಂದ್ಯದ ಕುದುರೆಗಳೂ ಬಂದವು. ಹಲಸೂರಿಗೆ ದಕ್ಷಿಣದಲ್ಲಿರುವ ಅಗ್ರಂ ಬಯಲಿನಲ್ಲಿ ಮೊದಲು ನಡೆಯುತ್ತಿದ್ದ ಪಂದ್ಯಗಳು ಮುಂದೆ ಹೈಗ್ರೌಂಡ್ಸಿನ ಮೈದಾನಕ್ಕೆ ಹೋದವು. ಬೆಂಗಳೂರು ಟರ್ಫ್ ಕ್ಲಬ್ಬು ೧೯೬೨ರಲ್ಲಿ ನೋಂದಣಿಯಾಯಿತು. ಹೀಗಾಗಿ ದಂಡಿನ ಬೀದಿಗಳಲ್ಲಿ ಇಂಗ್ಲಿಷು ಬಾರದ ಮುದುಕರಿಗೂ ‘ವಿನ್’, ‘ಪ್ಲೇಸ್’, ‘ಜಾಕ್‌ಪಾಟ್’ ಎಂಬ ಮಾತುಗಳು ಮನೆಯ ಮಾತಿನಂತೆ ಪರಿಚಿತ.

ಮೊದಲು ಸರಳವಾದ ಶಬ್ದಗಳನ್ನು ನೋಡೋಣ. ನಾವು ಒಡ್ಡುವ ಹಣಕ್ಕೆ ‘ಪಣ’ ಅಥವಾ ‘ಸ್ಟೇಕ್’ ಎಂದು ಹೆಸರು. ಕುದುರೆ ಮೊದಲನೆಯದಾಗಿಯೇ ಬರಬೇಕೆಂದು ಕಟ್ಟಿದರೆ ಅದು ‘ವಿನ್’. ಮೊದಲ ಎರಡು ಮೂರು ಸ್ಥಾನಗಳಲ್ಲಿ ಎಲ್ಲಿ ಬಂದರೂ ಸಾಕೆಂದು ಕಟ್ಟಿದರೆ ‘ಪ್ಲೇಸ್’. ಮೊದಲ ಎರಡು ಕುದುರೆಗಳನ್ನು ಕ್ರಮವಿಲ್ಲದೆ ಹೇಳುವುದು ‘ಕ್ವಿನೆಲಾ’. ಮೊದಲ ಮೂರನ್ನು ಕ್ರಮವಾಗಿಯೇ ಹೇಳುವುದು ‘ಟನಾಲಾ’. ನಿಗದಿಯಾದ ಐದು ಓಟಗಳಲ್ಲಿ ಗೆಲ್ಲುವ ಐದು ಕುದುರೆಗಳನ್ನೂ ಹೇಳಬೇಕಾದದ್ದು ‘ಜಾಕ್‌ಪಾಟ್’. ಜನರು ಹೆಚ್ಚಾಗಿ ನಂಬಿ ಹಣ ಕಟ್ಟಿದ ಕುದುರೆ ‘ಫೇವರಿಟ್’. ಬಲಶಾಲಿ ಕುದುರೆಯ ಬೆನ್ನಿಗೆ ಹೆಚ್ಚು ತೂಕ ಹೇರಿ ಓಟವನ್ನು ಸಮಬಲವಾಗಿಸುವ ಕ್ರಮಕ್ಕೆ ‘ಹ್ಯಾಂಡಿಕ್ಯಾಪ್’ ಎನ್ನುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಶಬ್ದ ‘ಆಡ್ಸ್’. ‘ನಾಲ್ಕಕ್ಕೆ ಒಂದು’ ಎಂದರೆ ಒಂದು ರೂಪಾಯಿ ಕಟ್ಟಿ ಗೆದ್ದವನಿಗೆ ನಾಲ್ಕು ರೂಪಾಯಿ ಲಾಭ, ಜೊತೆಗೆ ಅವನ ಒಂದು ರೂಪಾಯಿ ವಾಪಸು. ಫೋನಿನ ಪರದೆಯಲ್ಲಿ ಇದನ್ನೇ ೫.೦೦ ಎಂದು ಬರೆಯುತ್ತಾರೆ. ಅಲ್ಲಿ ಪಣವೂ ಸೇರಿದ ಮೊತ್ತ ಕಾಣುತ್ತದೆ. ನಮ್ಮ ಕ್ರಿಕೆಟ್ ಬಾಜಿಯವರು ‘ಅರವತ್ತು ಪೈಸೆ ಭಾವ್’ ಎನ್ನುತ್ತಾರೆ. ಗೆಲ್ಲಬಹುದಾದ ತಂಡದ ಮೇಲೆ ಒಂದು ರೂಪಾಯಿ ಕಟ್ಟಿದರೆ ಅರವತ್ತು ಪೈಸೆ ಲಾಭವೆಂದು ಅದರ ಅರ್ಥ. ತಂಡ ಗೆಲ್ಲುವುದೆಂದು ಕಟ್ಟುವುದು ‘ಲಗಾಯಿ’, ಗೆಲ್ಲದೆಂದು ಕಟ್ಟುವುದು ‘ಖಾಯಿ’. ನಿಗದಿಯಾದ ಇಷ್ಟು ಓವರುಗಳಲ್ಲಿ ಎಷ್ಟು ರನ್ನು ಬರುವುದೆಂಬುದರ ಮೇಲೆ ಕಟ್ಟುವುದು ‘ಸೆಷನ್’.

ಈಗ ಲೇಖನದ ಮರ್ಮಕ್ಕೆ ಬರೋಣ. ಆಡ್ಸ್ ಎಂದರೆ ಗೆಲ್ಲುವ ಸಂಭವವನ್ನು ಹೇಳುವ ಸಂಖ್ಯೆಯೆಂದು ಹೆಚ್ಚಿನವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಒಂದು ಬೆಲೆ. ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನವನು ತಾನು ಕೊಂಡ ಬೆಲೆಗೆ ತನ್ನ ಲಾಭವನ್ನು ಸೇರಿಸಿ ಮಾರುವಂತೆ, ಬುಕ್ಕಿಯೂ ತನ್ನ ಲಾಭವನ್ನು ಸೇರಿಸಿಯೇ ಆಡ್ಸ್ ಕೂಗುತ್ತಾನೆ. ಹಣ್ಣಿನವನ ಲಾಭ ನಮಗೆ ತಿಳಿಯುತ್ತದೆ. ಬುಕ್ಕಿಯದು ತಿಳಿಯುವುದಿಲ್ಲ, ಇಷ್ಟೇ ವ್ಯತ್ಯಾಸ.

ಇದನ್ನು ಕಂಡುಹಿಡಿಯುವುದಕ್ಕೆ ಪ್ರೌಢಶಾಲೆಯ ಭಿನ್ನರಾಶಿಯೇ ಸಾಕು. ಐದು ಕುದುರೆಗಳ ಒಂದು ಓಟವನ್ನು ಕಲ್ಪಿಸಿಕೊಳ್ಳಿ. ಬುಕ್ಕಿಯ ಹಲಗೆಯಲ್ಲಿ ಮೊದಲನೆಯದಕ್ಕೆ ‘ಒಂದಕ್ಕೆ ಒಂದು’, ಎರಡನೆಯದಕ್ಕೆ ‘ಮೂರಕ್ಕೆ ಒಂದು’, ಮೂರನೆಯದಕ್ಕೂ ನಾಲ್ಕನೆಯದಕ್ಕೂ ‘ನಾಲ್ಕಕ್ಕೆ ಒಂದು’, ಐದನೆಯದಕ್ಕೆ ‘ಹತ್ತೊಂಬತ್ತಕ್ಕೆ ಒಂದು’ ಎಂದು ಬರೆದಿದೆಯೆನ್ನಿ. ಯಾವ ಕುದುರೆ ಗೆದ್ದರೂ ನಮ್ಮ ಕೈಗೆ ನೂರು ರೂಪಾಯಿ ಬರಬೇಕಾದರೆ ಒಂದೊಂದರ ಮೇಲೆ ಎಷ್ಟು ಕಟ್ಟಬೇಕು? ಮೊದಲನೆಯದರ ಮೇಲೆ ೫೦, ಎರಡನೆಯದರ ಮೇಲೆ ೨೫, ಮೂರು ಮತ್ತು ನಾಲ್ಕನೆಯವುಗಳ ಮೇಲೆ ೨೦, ೨೦, ಐದನೆಯದರ ಮೇಲೆ ೫. ಒಟ್ಟು ೧೨೦ ರೂಪಾಯಿ. ಎಂದರೆ ನೂರು ರೂಪಾಯಿಯ ನೋಟೊಂದನ್ನು ನಾವು ನೂರಿಪ್ಪತ್ತು ಕೊಟ್ಟು ಕೊಂಡುಕೊಂಡ ಹಾಗಾಯಿತು! ಜನರು ಈ ಪ್ರಮಾಣದಲ್ಲಿ ಹಣ ಕಟ್ಟಿದರೆ ಯಾವ ಕುದುರೆ ಗೆದ್ದರೇನು, ಬುಕ್ಕಿಗೆ ಇಪ್ಪತ್ತು ರೂಪಾಯಿ ಮಿಗುತ್ತದೆ. ನೂರನ್ನು ಮೀರಿದ ಈ ಅಂಶಕ್ಕೆ ‘ಓವರ್‌ರೌಂಡ್’ ಎಂದು ಹೆಸರು. ಬಾಜಿಯ ನಿಘಂಟಿನಲ್ಲಿ ಕಲಿಯತಕ್ಕ ಶಬ್ದ ಒಂದೇ ಇದ್ದರೆ ಅದು ಇದು.

ಬುಕ್ಕಿಯಿಲ್ಲದೆ ಯಂತ್ರದ ಮೂಲಕ ನಡೆಯುವ ಬಾಜಿಗೆ ‘ಟೋಟ್’ ಎನ್ನುತ್ತಾರೆ. ಟೋಟಲೈಸೇಟರ್ ಎಂಬುದರ ಹ್ರಸ್ವರೂಪವದು. ಜಾರ್ಜ್ ಜೂಲಿಯಸ್ ಎಂಬ ಇಂಜಿನಿಯರು ರಚಿಸಿದ ಸ್ವಯಂಚಾಲಿತ ಯಂತ್ರವು ೧೯೧೩ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮೊದಲಬಾರಿಗೆ ಕೆಲಸಮಾಡಿತು. ಇಲ್ಲಿ ಎಲ್ಲರ ಹಣವೂ ಒಂದೇ ಹುಂಡಿಗೆ ಬೀಳುತ್ತದೆ. ಹುಂಡಿಯಲ್ಲಿ ಹತ್ತು ಸಾವಿರ ರೂಪಾಯಿ ಬಿದ್ದು, ಅದರಿಂದ ನೂರಕ್ಕೆ ಇಪ್ಪತ್ತರಂತೆ ಕಳೆಯುವರೆಂದು ಭಾವಿಸಿದರೆ, ಉಳಿದ ಎಂಟು ಸಾವಿರವನ್ನು ಗೆದ್ದವರಿಗೆ ಹಂಚುತ್ತಾರೆ. ಗೆದ್ದ ಕುದುರೆಯ ಮೇಲೆ ಎರಡು ಸಾವಿರ ಬಿದ್ದಿದ್ದರೆ ರೂಪಾಯಿಗೆ ನಾಲ್ಕು ರೂಪಾಯಿ ‘ಡಿವಿಡೆಂಡ್’. ಇಲ್ಲಿ ಮೋಸವಿಲ್ಲ, ಆದರೆ ಹಂಚುವ ಮೊದಲೇ ಹುಂಡಿ ಕರಗಿರುತ್ತದೆ. ಇದರ ಮೇಲೆ ಸರ್ಕಾರದ ತೆರಿಗೆ ಬೇರೆ. ಕುದುರೆ ಪಂದ್ಯದ ಬಾಜಿಯ ಮೇಲಣ ಸರಕು ಮತ್ತು ಸೇವಾ ತೆರಿಗೆಯ ದರವು ೨೦೨೫ರ ಸೆಪ್ಟೆಂಬರ್ ೨೨ರಿಂದ ನೂರಕ್ಕೆ ೨೮ರಿಂದ ೪೦ಕ್ಕೆ ಏರಿತು.

ಬೀದಿಬದಿಯ ‘ಮಟ್ಕಾ’ ಅಥವಾ ‘ಓಸಿ’ಯ ಗತಿ ಇನ್ನೂ ಸ್ಪಷ್ಟ. ನ್ಯೂಯಾರ್ಕಿನಿಂದ ಮುಂಬಯಿಗೆ ತಂತಿಯ ಮೂಲಕ ಬರುತ್ತಿದ್ದ ಹತ್ತಿಯ ಧಾರಣೆಯ ಅಂಕಿಗಳ ಮೇಲೆ ಹುಟ್ಟಿಕೊಂಡ ಈ ಆಟವು, ಆ ಧಾರಣೆ ನಿಂತ ಮೇಲೆ ಮಡಕೆಯೊಳಗಿಂದ ಚೀಟಿ ಎತ್ತುವ ಪದ್ಧತಿಗೆ ತಿರುಗಿ ‘ಮಟ್ಕಾ’ ಎಂದಾಯಿತು. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಎರಡಂಕಿಯ ಸಂಖ್ಯೆಗಳು ನೂರು. ಸರಿಯಾದ ಸಂಖ್ಯೆಗೆ ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವೆವೆಂದು ಚೀಟಿ ಬರೆಯುವವರು ಹೇಳುತ್ತಾರೆ. ನೂರು ಸಂಖ್ಯೆಗೂ ಒಂದೊಂದು ರೂಪಾಯಿ ಕಟ್ಟಿದವನಿಗೆ ಎಂಬತ್ತು ಬಂದು ಇಪ್ಪತ್ತು ಹೋಯಿತು. ಒಂದೇ ಸಂಖ್ಯೆಗೆ ಕಟ್ಟುವವನ ಪಾಡೂ ಕಾಲಕ್ರಮದಲ್ಲಿ ಇಷ್ಟೇ. ಅವನಿಗೆ ಅದು ಕಾಣಲು ತಡವಾಗುತ್ತದೆ, ಅಷ್ಟೆ.

‘ಈ ಲೆಕ್ಕವೆಲ್ಲ ಸರಿ, ಹಾಗಾದರೆ ಗೆದ್ದವರನ್ನು ನಾವು ಕಣ್ಣಾರೆ ಕಂಡಿಲ್ಲವೆ?’ ಎಂದು ಮಿತ್ರರು ಕೇಳಬಹುದು. ಕಂಡಿದ್ದೇವೆ. ಹಲಸೂರಿನಲ್ಲಿ ನಮ್ಮ ಓಣಿಯಲ್ಲಿ ಆಟೋ ಓಡಿಸುವ ಹಿರಿಯರೊಬ್ಬರಿದ್ದರು. ಬೇಸಗೆಯ ಪಂದ್ಯಗಳು ಮೊದಲಾದುವೆಂದರೆ ಅವರ ಷರಟಿನ ಜೇಬಿನಲ್ಲಿ ರೇಸು ಪುಸ್ತಕ ತಪ್ಪದು. ಗೆದ್ದ ದಿನ ಓಣಿಗೆಲ್ಲ ಮಿಠಾಯಿ ಹಂಚುತ್ತಿದ್ದರು. ಗೆದ್ದ ಮೊತ್ತಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಟ್ಟಿದ್ದರು. ಅದನ್ನು ನನಗೊಮ್ಮೆ ಅಭಿಮಾನದಿಂದ ತೋರಿಸಿದರು. ಸೋತ ಮೊತ್ತಗಳನ್ನು ಯಾವ ಪುಟದಲ್ಲಿ ಬರೆದಿದ್ದೀರಿ ಎಂದು ನಾನು ಕೇಳಿದಾಗ ನಕ್ಕು, ‘ಅದನ್ನು ಯಾರಪ್ಪಾ ಬರೀತಾರೆ?’ ಎಂದರು. ಆ ಪುಟವಿದ್ದದ್ದು ಅವರ ಹೆಂಡತಿಯಲ್ಲಿ, ದಿನಸಿ ಅಂಗಡಿಯ ಸಾಲದ ಚೀಟಿಯ ರೂಪದಲ್ಲಿ. ಅವರ ಮಗಳು ನನ್ನೊಡನೆ ಪಿ.ಯು. ಓದುತ್ತಿದ್ದವಳು, ಮರುವರ್ಷ ಓದು ಬಿಟ್ಟು ಬಟ್ಟೆಯ ಕಾರ್ಖಾನೆಗೆ ಸೇರಿದಳು. ಗೆದ್ದ ದಿನ ಓಣಿಗೆಲ್ಲ ತಿಳಿಯುತ್ತದೆ; ಸೋತ ದಿನ ಮನೆಯ ಒಲೆಗೆ ಮಾತ್ರ ತಿಳಿಯುತ್ತದೆ. ಗೆದ್ದವರೇ ನಮ್ಮ ಕಣ್ಣಿಗೆ ಬೀಳುವುದಕ್ಕೆ ಇದೇ ಕಾರಣ.

ಸೋತವನು ಹಿಡಿಯುವ ದಾರಿಗೂ ಒಂದು ಹೆಸರುಂಟು. ‘ಮಾರ್ಟಿಂಗೇಲ್’, ಎಂದರೆ ಸೋತಂತೆಲ್ಲ ಪಣವನ್ನು ದುಪ್ಪಟ್ಟು ಮಾಡುವುದು. ಹತ್ತು ರೂಪಾಯಿ ಸೋತರೆ ಇಪ್ಪತ್ತು, ಅದೂ ಹೋದರೆ ನಲವತ್ತು. ಒಮ್ಮೆ ಗೆದ್ದರೆ ಎಲ್ಲವೂ ವಾಪಸು ಬಂದು ಹತ್ತು ರೂಪಾಯಿ ಲಾಭವೆಂದು ಲೆಕ್ಕ. ಸತತವಾಗಿ ಏಳು ಬಾರಿ ಸೋತರೆ ಹೋದ ಹಣ ೧,೨೭೦ ರೂಪಾಯಿ. ಎಂಟನೆಯ ಬಾರಿಗೆ ೧,೨೮೦ ಬೇಕು. ಹತ್ತು ರೂಪಾಯಿಯ ಲಾಭಕ್ಕಾಗಿ ೨,೫೫೦ ರೂಪಾಯಿಯನ್ನು ಒಡ್ಡಿದಂತಾಯಿತು. ‘ಏಳು ಸಲ ಸೋತಿದ್ದೇನೆ, ಇನ್ನು ಗೆಲ್ಲಲೇಬೇಕು’ ಎಂಬುದೂ ಭ್ರಮೆ. ನಾಣ್ಯಕ್ಕೆ ಜ್ಞಾಪಕಶಕ್ತಿಯಿಲ್ಲ, ಎಂಟನೆಯ ಸಲವೂ ಅದಕ್ಕೆ ಮೊದಲನೆಯ ಸಲವೇ.

ಕಾನೂನಿನ ವಿಷಯವನ್ನೂ ಸಂಕ್ಷೇಪವಾಗಿ ಹೇಳಬೇಕು. ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ೧೯೯೬ರಲ್ಲಿ ಕೆ. ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆದುದರಿಂದ ಪರವಾನಗಿಯುಳ್ಳ ಮೈದಾನದ ಆವರಣದಲ್ಲಿ ಕಟ್ಟುವ ಬಾಜಿಗೆ ಕಾನೂನಿನ ಆಶ್ರಯವಿದೆ. ಮಟ್ಕಾ ಮತ್ತು ಕ್ರಿಕೆಟ್ ಬಾಜಿಗಳಿಗೆ ಅದಿಲ್ಲ. ಲಾಟರಿಯು ನಮ್ಮ ರಾಜ್ಯದಲ್ಲಿ ೨೦೦೭ರಲ್ಲಿಯೇ ನಿಷೇಧವಾಯಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ೨೦೨೫ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಇನ್ನೊಂದು ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ೧೮೭೨ರ ಭಾರತೀಯ ಕರಾರು ಕಾಯ್ದೆಯ ೩೦ನೆಯ ಕಲಮಿನ ಪ್ರಕಾರ ಬಾಜಿಯ ಒಪ್ಪಂದವು ಅನೂರ್ಜಿತ. ಗೆದ್ದೆನೆಂದು ಹೇಳಿ ಅಂಥ ಹಣವನ್ನು ಕೋರ್ಟಿನ ಮೂಲಕ ವಸೂಲುಮಾಡಲು ಬರುವುದಿಲ್ಲ. ಬುಕ್ಕಿಯ ಬಾಕಿಗೆ ಹೆದರಿ ಪುಸ್ತಕ, ಫೋನು, ತಾಯಿಯ ಒಡವೆಗಳನ್ನು ಅಡವಿಡುವ ವಿದ್ಯಾರ್ಥಿಯು ಇದನ್ನು ತಿಳಿದಿರುವುದು ಅವಶ್ಯ. ಅಂಥ ಪೀಡೆಗೆ ಸಿಕ್ಕಿದವನು ಮನೆಯವರಿಗೋ ಅಧ್ಯಾಪಕರಿಗೋ ಮೊದಲು ತಿಳಿಸಬೇಕಲ್ಲದೆ, ಸಾಲ ತೀರಿಸಲು ಇನ್ನೊಂದು ಬಾಜಿ ಕಟ್ಟಬಾರದು.

ಕೌಶಲದ ಆಟವೆಂದಮೇಲೆ ಕುಶಲನು ಗೆಲ್ಲಬಾರದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಕುದುರೆಯ ವಂಶ, ಜಾಕಿಯ ಕೈ, ನೆಲದ ತೇವ ಇವೆಲ್ಲವನ್ನೂ ಬಲ್ಲವನು ಉಳಿದವರಿಗಿಂತ ಚೆನ್ನಾಗಿ ಊಹಿಸಬಲ್ಲನೆಂಬುದು ನಿಜ. ಆದರೆ ಉಳಿದವರಿಗಿಂತ ಚೆನ್ನಾಗಿ ಊಹಿಸಿದರೆ ಸಾಲದು. ನೂರರ ಮೇಲಣ ಆ ಇಪ್ಪತ್ತನ್ನೂ ತೆರಿಗೆಯನ್ನೂ ದಾಟುವಷ್ಟು ಚೆನ್ನಾಗಿ, ಪ್ರತಿಸಲವೂ ಊಹಿಸಬೇಕು. ಅಂಥವನು ಸಾವಿರದಲ್ಲೊಬ್ಬ ಇರಬಹುದು. ಆ ಒಬ್ಬನು ತಾನೇ ಎಂದು ಉಳಿದೆಲ್ಲರೂ ನಂಬುವುದರಿಂದಲೇ ಅಂಗಡಿ ನಡೆಯುತ್ತಿದೆ.

ನಳನು ಅಕ್ಷಹೃದಯವನ್ನು ಕಲಿತು ಪುಷ್ಕರನಿಂದ ರಾಜ್ಯವನ್ನು ಮರಳಿ ಗೆದ್ದನಲ್ಲವೆ ಎಂದು ಯಾರಾದರೂ ನೆನಪಿಸಿಯಾರು. ಗೆದ್ದನು, ಸರಿ. ಆದರೆ ಅವನೆದುರಿಗಿದ್ದವನು ಪುಷ್ಕರನೊಬ್ಬನೇ. ನಡುವೆ ಕುಳಿತು ಎರಡು ಕಡೆಯಿಂದಲೂ ಪಾಲು ಕಳೆಯುವ ಮಧ್ಯವರ್ತಿ ಇರಲಿಲ್ಲ. ಈಗಿನ ಬಾಜಿಯಲ್ಲಿ ನಮ್ಮೆದುರು ಪುಷ್ಕರನಿಲ್ಲ, ಮಧ್ಯವರ್ತಿಯೇ ಇದ್ದಾನೆ. ಅವನು ಸೋಲುವ ಹಾಗೆ ಆಟವನ್ನು ಅವನು ಕಟ್ಟಿರುವುದಿಲ್ಲ.

ಆದುದರಿಂದ ಯಾರಾದರೂ ‘ಒಳ್ಳೆಯ ಆಡ್ಸ್ ಇದೆ, ಕಟ್ಟು’ ಎಂದಾಗ ಮಿತ್ರರು ಒಂದು ಕಾಗದ, ಒಂದು ಪೆನ್ಸಿಲು ತೆಗೆದುಕೊಂಡು ಮೂರು ಪ್ರಶ್ನೆ ಹಾಕಿಕೊಳ್ಳಲಿ. ಎಲ್ಲ ಕಡೆಗೂ ಕಟ್ಟಿದರೆ ನೂರಕ್ಕೆ ಎಷ್ಟು ತೆರಬೇಕಾಗುತ್ತದೆ? ಆ ಹೆಚ್ಚುವರಿ ಯಾರ ಜೇಬಿಗೆ ಹೋಗುತ್ತದೆ? ಸೋತ ಮೊತ್ತವನ್ನು ಯಾವ ಪುಟದಲ್ಲಿ ಬರೆಯುತ್ತೇನೆ? ಈ ಮೂರಕ್ಕೂ ಪ್ರಾಮಾಣಿಕವಾಗಿ ಉತ್ತರ ಬರೆದವನಿಗೆ ಬೇರೆ ಉಪದೇಶದ ಅಗತ್ಯವಿರುವುದಿಲ್ಲವೆಂದು ನನ್ನ ನಂಬಿಕೆ.